ಮಾತು ಮುಗಿಯುವ ಮೊದಲೇ ಮಲಗುವ ಮೈಕು

ಡಿಸೆಂಬರ್ ಬಂತೆಂದರೆ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಶಾಲೆಗಳ ಅಂಗಳದಲ್ಲಿ ಶಾಮಿಯಾನ ಏಳುತ್ತದೆ. ವಾರ್ಷಿಕೋತ್ಸವದ ಕಾಲ. ಮೂರು ವಾರದಿಂದ ಕನ್ನಡಿಯ ಮುಂದೆ ನಿಂತು ಉರು ಹೊಡೆದ ಭಾಷಣವನ್ನು ಏಳನೇ ತರಗತಿಯ ಹುಡುಗಿಯೊಬ್ಬಳು ಆರಂಭಿಸುತ್ತಾಳೆ. ಕೈಯಲ್ಲಿ ಕಾರ್ಡ್‌ಲೆಸ್ ಮೈಕು. ಮೊದಲೆರಡು ವಾಕ್ಯ ಗಂಟೆ ಬಾರಿಸಿದಂತೆ ಕೇಳುತ್ತದೆ. ಮೂರನೆಯದರಲ್ಲಿ ಒಂದು ಕರಕರ ಸದ್ದು. ನಾಲ್ಕನೆಯದು ಮುಂದಿನ ಎರಡು ಸಾಲಿನವರಿಗಷ್ಟೇ. ಹುಡುಗಿಯ ತುಟಿ ಅಲುಗುತ್ತಲೇ ಇದೆ, ಹಿಂದಿನ ಸಾಲಿನಲ್ಲಿ ಮೊಮ್ಮಗಳಿಗಾಗಿಯೇ ಬಂದು ಕುಳಿತ ಅಜ್ಜಿಗೆ ಏನೂ ಕೇಳಿಸುತ್ತಿಲ್ಲ.

‘ಏನಪ್ಪಾ, ಸೆಲ್ಲು ಹಾಕಲಿಲ್ವಾ?’ ಎಂದು ಮುಖ್ಯೋಪಾಧ್ಯಾಯರು ಮೈಕ್‌ಸೆಟ್ ಹುಡುಗನನ್ನು ಗದರುತ್ತಾರೆ. ‘ಹಾಕಿದ್ದೆ ಸಾರ್, ಹೋದ ತಿಂಗಳೇ ಫುಲ್ ಚಾರ್ಜ್ ಮಾಡಿ ಇಟ್ಟಿದ್ದೆ’ ಎನ್ನುತ್ತಾನೆ ಆತ. ಇಬ್ಬರ ಮಾತೂ ನಿಜ. ರೋಗದ ಮೂಲ ಇರುವುದು ‘ಹೋದ ತಿಂಗಳೇ’ ಎಂಬ ಆ ಒಂದು ಮಾತಿನಲ್ಲಿ.

ಇಂಥ ದೃಶ್ಯವನ್ನು ನೋಡದ ಪಾಲಕರು ವಿರಳ. ಹಣೆಬರಹ ಎಂದು ಕೈಚೆಲ್ಲುವವರೇ ಹೆಚ್ಚು. ಆದರೆ ಮರುಪೂರಣ ಮಾಡಬಹುದಾದ ಪುಟ್ಟ ಬ್ಯಾಟರಿಗೆ ತನ್ನದೇ ಆದ ಒಂದು ದಿನಚರಿ ಇದೆ. ಅದನ್ನು ಅರಿತವರ ಕೈಯಲ್ಲಿ ಅದು ನೂರಾರು ಸಲ ದುಡಿಯುತ್ತದೆ, ಅರಿಯದವರ ಕೈಯಲ್ಲಿ ಒಂದು ವರ್ಷದೊಳಗೇ ಕಸದ ಬುಟ್ಟಿ ಸೇರುತ್ತದೆ. ಈ ಪಾಠವನ್ನು ಹೇಳಲು ಕೋಲಾರ ಚಿನ್ನದ ಗಣಿ ಪ್ರದೇಶಕ್ಕಿಂತ ತಕ್ಕ ಊರು ಬೇರೆ ಇರಲಾರದು. ಏಕೆಂದರೆ ಬ್ಯಾಟರಿ ಕೈಕೊಟ್ಟರೆ ಏನಾಗುತ್ತದೆಂಬುದು ಗಣಿಗೆ ಇಳಿಯುವವರಿಗೆ ಗೊತ್ತಿದ್ದಷ್ಟು ಬೇರಾರಿಗೂ ಗೊತ್ತಿರಲು ಸಾಧ್ಯವಿಲ್ಲ.

ದೀಪದ ಕೋಣೆಯ ಶಿಸ್ತು

1902ರ ಜೂನ್ ತಿಂಗಳ ಕೊನೆಯಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೆ.ಜಿ.ಎಫ್. ಮುಟ್ಟಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಯೋಜನೆ ಅದು. ರೂಪಿಸಿದವರು ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್. ಅಷ್ಟು ದೂರ ವಿದ್ಯುತ್ ಸಾಗಿಸಿದ್ದು ಅಂದಿನ ಜಗತ್ತಿನಲ್ಲೇ ಒಂದು ಸಾಹಸ. ಬೆಂಗಳೂರಿನ ಬೀದಿಗಳು ವಿದ್ಯುದ್ದೀಪ ಕಂಡದ್ದು ಅದಾದ ಮೂರು ವರ್ಷದ ಮೇಲೆ, 1905ರಲ್ಲಿ. ರಾಜಧಾನಿಯವರಿಗಿಂತ ಮೊದಲು ತಮ್ಮೂರಿಗೆ ಕರೆಂಟು ಬಂತೆಂದು ಗಣಿ ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುವುದರಲ್ಲಿ ತಪ್ಪಿಲ್ಲ.

ಆದರೆ ತಂತಿಯಲ್ಲಿ ಬಂದ ಆ ಕರೆಂಟನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಲಾಗದು. ಅದು ಗಿರಣಿಯನ್ನು ತಿರುಗಿಸೀತು, ನೀರೆತ್ತುವ ಪಂಪನ್ನು ನಡೆಸೀತು. ಸುರಂಗದ ತುದಿಯಲ್ಲಿ ಒಬ್ಬಂಟಿಯಾಗಿ ಬಂಡೆ ಕೊರೆಯುವವನ ಹಣೆಯ ಮೇಲೆ ಬೆಳಕು ಇಡಲಾರದು. ಕಲ್ಲಿದ್ದಲ ಗಣಿಗಳಲ್ಲಿ ಇರುವಂಥ ಸ್ಫೋಟಕ ಅನಿಲದ ಭಯ ಲೋಹದ ಗಣಿಗಳಲ್ಲಿ ಕಡಿಮೆ. ಹಾಗಾಗಿ ಲೋಕದ ಲೋಹದ ಗಣಿಗಳಲ್ಲೆಲ್ಲ ಬಹುಕಾಲ ಮೇಣದ ಬತ್ತಿ, ಆಮೇಲೆ ಕಾರ್ಬೈಡ್ ದೀಪಗಳೇ ನಡೆದವು. ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿ, ಹೊಮ್ಮುವ ಅಸಿಟಲಿನ್ ಅನಿಲವನ್ನು ಉರಿಸುವ ದೀಪ ಅದು. ಹಣೆಗೆ ಬಲ್ಬು, ಸೊಂಟಕ್ಕೆ ಬ್ಯಾಟರಿ ಕಟ್ಟಿಕೊಳ್ಳುವ ಕ್ಯಾಪ್ ಲ್ಯಾಂಪ್ ಬಂದದ್ದು ಅನಂತರ.

ಈ ದೀಪದ ಜೊತೆಗೇ ‘ಲ್ಯಾಂಪ್ ರೂಮ್’ ಎಂಬ ಕೋಣೆಯೂ ಬಂತು. ಪ್ರತಿ ದೀಪಕ್ಕೂ ಒಂದು ಸಂಖ್ಯೆ. ಪಾಳಿಗೆ ಇಳಿಯುವವನು ಬಿಲ್ಲೆ ಕೊಟ್ಟು ದೀಪ ಪಡೆಯುತ್ತಾನೆ. ಮೇಲೆ ಬಂದೊಡನೆ ದೀಪ ಮರಳಿಸಿ ಬಿಲ್ಲೆ ಪಡೆಯುತ್ತಾನೆ. ಒಪ್ಪಿಸಿದ ದೀಪ ಅರ್ಧ ಖಾಲಿಯೋ ಪೂರ್ತಿ ಖಾಲಿಯೋ ಎಂದು ಯಾರೂ ವಾದಿಸುವುದಿಲ್ಲ. ನೇರವಾಗಿ ಚಾರ್ಜಿನ ಸಾಲಿಗೆ, ತನ್ನದೇ ಸಂಖ್ಯೆಯ ಜಾಗಕ್ಕೆ ಹೋಗುತ್ತದೆ. ಪಾಳಿ ಮುಗಿದ ಮೇಲೂ ಒಂದು ಬಿಲ್ಲೆ ಗೂಟದಲ್ಲೇ ಉಳಿದಿದ್ದರೆ ಒಬ್ಬ ಮನುಷ್ಯ ಇನ್ನೂ ಕೆಳಗಿದ್ದಾನೆಂದು ಅರ್ಥ. ಬೆಳಕಿನ ಲೆಕ್ಕವೇ ಜೀವದ ಲೆಕ್ಕವೂ ಆಗಿತ್ತು.

ಚಾಂಪಿಯನ್ ರೀಫ್ ಗಣಿ ನೆಲದಡಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಒತ್ತಡಕ್ಕೆ ಸಿಕ್ಕ ಬಂಡೆ ಗುಂಡು ಹಾರಿದಂತೆ ಸಿಡಿಯುತ್ತಿದ್ದುದು ಈ ಗಣಿಗಳ ಕುಖ್ಯಾತ ಅಪಾಯ. ಅಂಥ ಕಡೆ ದೂಳೆದ್ದ ಕತ್ತಲಲ್ಲಿ ಹಣೆಯ ದೀಪ ಆರಿದರೆ ದಾರಿ ಯಾವುದು, ಕಂದಕ ಯಾವುದು? ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ ಕೊನೆಗೆ ಬಾಗಿಲು ಮುಚ್ಚಿತಾದರೂ ಗಣಿಗೆ ಇಳಿದು ಬಂದ ಹಿರಿಯರು ಇರುವ ಮನೆಗಳು ಊರಿಗಾಂ, ಚಾಂಪಿಯನ್, ಕೋರಮಂಡಲ್ ಲೈನುಗಳಲ್ಲಿ ಇನ್ನೂ ಇವೆ. ಮಕ್ಕಳು ಒಮ್ಮೆ ತಾತನನ್ನೇ ಕೇಳಿ ನೋಡಬಹುದು, ಕತ್ತಲು ಎಂದರೆ ಏನೆಂದು.

ಮೈಕಿನ ಸೆಲ್ಲಿಗೆ ಅಷ್ಟು ದೊಡ್ಡ ಹೊಣೆ ಇಲ್ಲ ನಿಜ. ಆದರೆ ವಿಜ್ಞಾನ ಒಂದೇ.

ತೊಟ್ಟಿ, ಬಿಂದಿಗೆ ಮತ್ತು ಸೋರಿಕೆ

ಬ್ಯಾಟರಿ ಕರೆಂಟನ್ನು ತುಂಬಿಡುವ ಡಬ್ಬಿ ಎಂಬುದು ಸಾಮಾನ್ಯ ತಪ್ಪು ಕಲ್ಪನೆ. ಅಲ್ಲಿ ತುಂಬಿರುವುದು ರಾಸಾಯನಿಕ ಬದಲಾವಣೆ. ಕರೆಂಟು ಒಳಹೊಕ್ಕಾಗ ಒಳಗಿನ ವಸ್ತುಗಳು ಒಂದು ರೂಪಕ್ಕೆ ತಿರುಗುತ್ತವೆ. ಬಳಸುವಾಗ ಹಿಂದಿನ ರೂಪಕ್ಕೆ ಮರಳುತ್ತ ಕರೆಂಟನ್ನು ಹಿಂದಿರುಗಿಸುತ್ತವೆ. ಹೀಗೆ ಹೋಗಿ ಬರುವ ದಾರಿ ಇರುವ ಮೊದಲ ಬ್ಯಾಟರಿಯನ್ನು ಸೀಸ ಮತ್ತು ಗಂಧಕಾಮ್ಲದಿಂದ 1859ರಲ್ಲಿ ಮಾಡಿದವನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ. ಇಂದಿಗೂ ಕಾರು, ಲಾರಿ, ಮನೆಯ ಇನ್ವರ್ಟರಿನಲ್ಲಿ ಇರುವುದು ಅದರ ಸಂತಾನವೇ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಕಂಡುಹಿಡಿದ. ಆ ವಂಶದಲ್ಲಿ ಬಂದ ನಿಕ್ಕಲ್-ಮೆಟಲ್ ಹೈಡ್ರೈಡ್ ಸೆಲ್ಲೇ ಇಂದು ಹೆಚ್ಚಿನ ಮೈಕುಗಳಿಗೆ ಹಾಕುವ ಮರುಪೂರಣದ ಪೆನ್ಸಿಲ್ ಸೆಲ್ಲು.

ಅಂಗಡಿಯಲ್ಲಿ ಸಿಗುವ ಎಲ್ಲ ಪೆನ್ಸಿಲ್ ಸೆಲ್ಲುಗಳಿಗೂ ಚಾರ್ಜ್ ಮಾಡಲು ಬರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಸಾಧಾರಣ ಸೆಲ್ಲನ್ನೋ ಆಲ್ಕಲೈನ್ ಸೆಲ್ಲನ್ನೋ ಚಾರ್ಜರಿಗೆ ಸಿಕ್ಕಿಸಿದರೆ ಬಿಸಿಯಾಗಿ, ಒಳಗೆ ಅನಿಲ ಹುಟ್ಟಿ, ಸೋರುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಮೈಮೇಲೆ ‘ರೀಚಾರ್ಜಬಲ್’ ಎಂದು ಬರೆದಿದ್ದರೆ ಮಾತ್ರ ಚಾರ್ಜರಿಗೆ ಪ್ರವೇಶ.

ಮರುಪೂರಣದ ಸೆಲ್ಲಿನ ಮೇಲೆ 2000 ಎಂ.ಎ.ಎಚ್. ಎಂದಿರುತ್ತದೆ. 200 ಮಿಲಿ ಆಂಪೇರ್ ಕರೆಂಟು ಎಳೆದರೆ ಹತ್ತು ಗಂಟೆ ಬರುತ್ತದೆಂದು ಅರ್ಥ. ಹಾಗಾದರೆ 200 ಮಿಲಿ ಆಂಪೇರ್ ಕೊಡುವ ನಿಧಾನದ ಚಾರ್ಜರಿನಲ್ಲಿ ಹತ್ತು ಗಂಟೆ ಇಟ್ಟರೆ ತುಂಬಿತೇ? ಇಲ್ಲ. ಹದಿನಾಲ್ಕರಿಂದ ಹದಿನಾರು ಗಂಟೆ ಬೇಕು. ಕೋಲಾರ ಜಿಲ್ಲೆಯವರಿಗೆ ಇದನ್ನು ನೀರಿನ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾದೀತು. ನೂರು ಬಿಂದಿಗೆ ಹಿಡಿಸುವ ತೊಟ್ಟಿಗೆ ಕೊಳವೆ ಬಾವಿಯಿಂದ ಹೊತ್ತು ತಂದರೆ ದಾರಿಯಲ್ಲಿ ಚೆಲ್ಲುವುದೂ ಇರುತ್ತದಲ್ಲ. ನೂರನಲವತ್ತು ಹೊತ್ತರೆ ನೂರು ಉಳಿಯುತ್ತದೆ. ಇಲ್ಲಿ ಚೆಲ್ಲುವ ಪಾಲು ಶಾಖವಾಗಿ ಹೋಗುತ್ತದೆ. ಚಾರ್ಜ್ ಮುಗಿಯುವ ಹೊತ್ತಿಗೆ ಸೆಲ್ಲು ಕೈಗೆ ಬೆಚ್ಚಗಾಗುವುದು ಅದರಿಂದಲೇ. ಬೆಚ್ಚಗಾದರೆ ತೊಂದರೆ ಇಲ್ಲ. ಹಿಡಿಯಲಾರದಷ್ಟು ಸುಡುತ್ತಿದ್ದರೆ ತೊಟ್ಟಿ ತುಂಬಿ ಹೊರಚೆಲ್ಲುತ್ತಿದೆ ಎಂದೇ ತಿಳಿಯಬೇಕು. ಹಾಗೆ ಪದೇ ಪದೇ ಬೇಯಿಸಿದ ಸೆಲ್ಲಿನ ಆಯಸ್ಸು ಅರ್ಧಕ್ಕಿಳಿಯುತ್ತದೆ.

ಗಡಿಯಾರ ನೋಡಿ ತೆಗೆಯಬೇಕಾದ ಅಗ್ಗದ ಚಾರ್ಜರುಗಳಲ್ಲಿ ಈ ಅವಾಂತರ ಸಾಮಾನ್ಯ. ಹುಷಾರಿನ ಚಾರ್ಜರಿನ ಗುಟ್ಟು ಬೇರೆ. ನಿಕ್ಕಲ್ ಸೆಲ್ಲಿನ ವೋಲ್ಟೇಜು ಚಾರ್ಜಾಗುತ್ತ ಏರಿ ಏರಿ, ತುಂಬಿದ ಕ್ಷಣ ಕೆಲವೇ ಮಿಲಿವೋಲ್ಟಿನಷ್ಟು ಕೆಳಗೆ ಬಾಗುತ್ತದೆ. ಆ ಬಾಗುವಿಕೆಯನ್ನು ಗುರುತಿಸಿ ಚಾರ್ಜರು ತಾನೇ ನಿಲ್ಲುತ್ತದೆ. ಪ್ರತಿ ಸೆಲ್ಲನ್ನೂ ಬೇರೆ ಬೇರೆಯಾಗಿ ಗಮನಿಸುವ ಚಾರ್ಜರಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ಅದು ನಷ್ಟವಲ್ಲ. ಸೆಲ್ಲಿನಲ್ಲಿ ಉಳಿಸಿ ಚಾರ್ಜರಿನಲ್ಲಿ ಖರ್ಚು ಮಾಡುವುದು ಜಾಣತನ. ನಮ್ಮಲ್ಲಿ ನಡೆಯುವುದು ಬಹುಪಾಲು ಇದರ ತದ್ವಿರುದ್ಧ.

ಇನ್ನು ಮೈಕ್‌ಸೆಟ್ ಹುಡುಗನ ‘ಹೋದ ತಿಂಗಳು’. ನಿಕ್ಕಲ್-ಮೆಟಲ್ ಹೈಡ್ರೈಡಿನ ಹಳೆಯ ಬಗೆಯ ಸೆಲ್ಲು ಸುಮ್ಮನೆ ಇಟ್ಟರೂ ಸೋರುತ್ತದೆ. ಮೊದಲ ದಿನವೇ ಹತ್ತರಿಂದ ಇಪ್ಪತ್ತು ಪಾಲು, ಆಮೇಲೆ ದಿನಕ್ಕೆ ಸುಮಾರು ನೂರಕ್ಕೊಂದು. ಒಂದು ತಿಂಗಳಿಗೆ ಅರ್ಧದ ಹತ್ತಿರ ಹೋಯಿತು! ಬೇಸಿಗೆಯ ಸೆಕೆಯಲ್ಲಿ ಇನ್ನೂ ಬೇಗ. 2005ರಲ್ಲಿ ಜಪಾನಿನ ಸ್ಯಾನ್ಯೋ ಕಂಪನಿ ಈ ಸೋರಿಕೆಯನ್ನು ಬಹಳ ತಗ್ಗಿಸಿದ ಸೆಲ್ಲನ್ನು ತಂದಿತು. ಈಗ ಹಲವು ಕಂಪನಿಗಳು ಮಾಡುತ್ತವೆ. ‘ರೆಡಿ ಟು ಯೂಸ್’ ಎಂದೋ ‘ಪ್ರೀ-ಚಾರ್ಜ್ಡ್’ ಎಂದೋ ಬರೆದಿರುವ ಈ ಬಗೆಯದು ವರ್ಷ ಕಳೆದರೂ ಮುಕ್ಕಾಲು ಪಾಲನ್ನು ಉಳಿಸಿಕೊಳ್ಳಬಲ್ಲದು. ಅಪರೂಪಕ್ಕೆ ಬಳಸುವ ಶಾಲೆಯ ಮೈಕಿಗೆ ಇದೇ ಸರಿ. ಅಂಕಿ ದೊಡ್ಡದಿದ್ದರೆ ಒಳ್ಳೆಯದೆಂದು 2700, 2800 ಎಂದು ಬರೆದದ್ದನ್ನು ಹುಡುಕುವುದಕ್ಕಿಂತ ಸೋರಿಕೆ ಕಡಿಮೆಯಿರುವ 2000ದ ಸೆಲ್ಲು ಲೇಸು. ಹಳೆಯ ಬಗೆಯದೇ ಇದ್ದರೆ ಕಾರ್ಯಕ್ರಮದ ಹಿಂದಿನ ರಾತ್ರಿ ಚಾರ್ಜಿಗೆ ಹಾಕುವುದಲ್ಲದೆ ಬೇರೆ ದಾರಿಯಿಲ್ಲ.

ಮೋಸ ಮಾಡುವ ಗೆರೆಗಳು

ಮೈಕಿನ ಪುಟ್ಟ ಪರದೆಯ ಮೇಲೆ ಎರಡು ಗೆರೆ ಇತ್ತು, ಅರ್ಧ ಬ್ಯಾಟರಿ ಇದೆಯೆಂದು ನಂಬಿದೆವು, ಹತ್ತೇ ನಿಮಿಷಕ್ಕೆ ನಿಂತಿತು ಎಂಬ ದೂರು ಎಲ್ಲೆಡೆ ಇದೆ. ಗೆರೆಯದ್ದೂ ತಪ್ಪಿಲ್ಲ, ಸೆಲ್ಲಿನದ್ದೂ ತಪ್ಪಿಲ್ಲ. ಆಲ್ಕಲೈನ್ ಸೆಲ್ಲು ಒಂದೂವರೆ ವೋಲ್ಟಿನಿಂದ ಹೊರಟು ಬಂಗಾರಪೇಟೆಯ ಇಳಿಜಾರಿನ ರಸ್ತೆಯಂತೆ ನಿಧಾನವಾಗಿ ಇಳಿಯುತ್ತದೆ. ಗೆರೆಗಳನ್ನು ಆ ಇಳಿಜಾರಿಗೆ ತಕ್ಕಂತೆ ಹೊಂದಿಸಿರುತ್ತಾರೆ. ಮರುಪೂರಣದ ಸೆಲ್ಲೋ 1.2 ವೋಲ್ಟಿನ ಸುತ್ತ ಸಮತಟ್ಟಾದ ಬಯಲಿನಲ್ಲಿ ಗಂಟೆಗಟ್ಟಲೆ ನಡೆದು, ಕೊನೆಗೆ ಗಣಿಯ ಶಾಫ್ಟಿಗೆ ಬಿದ್ದ ಹಾಗೆ ಧುಮುಕುತ್ತದೆ. ಹೀಗಾಗಿ ತುಂಬಿದ ಸೆಲ್ಲನ್ನೂ ಮೈಕು ಅರ್ಧವೆಂದು ತೋರಿಸಬಹುದು, ಮುಗಿಯುತ್ತಿರುವುದನ್ನೂ ಅರ್ಧವೆಂದೇ ತೋರಿಸಬಹುದು! ಕೆಲವು ಒಳ್ಳೆಯ ಮೈಕುಗಳಲ್ಲಿ ಯಾವ ಬಗೆಯ ಸೆಲ್ಲು ಎಂದು ತಿಳಿಸುವ ಸೌಲಭ್ಯವಿದೆ. ಇಲ್ಲದಿದ್ದರೆ ಗೆರೆಯನ್ನು ನಂಬದೆ ಗಡಿಯಾರವನ್ನು ನಂಬಬೇಕು. ಒಂದು ಭಾನುವಾರ ತುಂಬಿದ ಸೆಲ್ಲು ಹಾಕಿ, ಮೈಕನ್ನು ರೇಡಿಯೋ ಮುಂದೆ ಇಟ್ಟು, ಎಷ್ಟು ಹೊತ್ತು ಬರುತ್ತದೆಂದು ಬರೆದುಕೊಂಡರಾಯಿತು. ವಿಜ್ಞಾನ ಸಂಘದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಯಾವುದಿದ್ದೀತು? ಆರು ಗಂಟೆ ಬಂತೆನ್ನೋಣ. ನಾಲ್ಕು ಗಂಟೆಗೇ ಬದಲಿಸುವುದು ಕ್ಷೇಮ.

ಚೌಕಾಕಾರದ 9 ವೋಲ್ಟಿನ ಬ್ಯಾಟರಿ ಬೇಡುವ ಹಳೆಯ ಮೈಕುಗಳ ಕಥೆ ಇನ್ನೂ ಬಿಗಿ. ಮರುಪೂರಣದ 9 ವೋಲ್ಟಿನ ಬ್ಯಾಟರಿಯೆಂದು ಮಾರುವುದು ನಿಜಕ್ಕೂ 7.2 ಅಥವಾ 8.4 ವೋಲ್ಟಿನದು, ಹಿಡಿಯುವುದೂ 200 ಎಂ.ಎ.ಎಚ್. ಆಸುಪಾಸು. ಕೊಳ್ಳುವಾಗ 8.4ರದನ್ನೇ ಕೇಳಿ ಪಡೆಯಬೇಕು. ಎರಡು ಗಂಟೆಯ ಕಾರ್ಯಕ್ರಮಕ್ಕೂ ಒಂದು ಹೆಚ್ಚಿನದು ಕೈಯಲ್ಲಿರಬೇಕು.

ಜೊತೆ ಬಿಡಿಸಬಾರದು

ಮೈಕಿನಲ್ಲಿ ಎರಡು ಪೆನ್ಸಿಲ್ ಸೆಲ್ಲುಗಳು ಸಾಲಾಗಿ ಕೂರುತ್ತವೆ. ಎತ್ತಿನ ಗಾಡಿಯಂತೆ, ಒಂದು ಎತ್ತು ಬಡಕಲಾದರೆ ಇನ್ನೊಂದು ಎಳೆದುಕೊಂಡು ಹೋಗುತ್ತದೆ ಎಂದುಕೊಳ್ಳುವುದು ತಪ್ಪು. ಹಳತು ಮೊದಲು ಖಾಲಿಯಾಗುತ್ತದೆ. ಹೊಸದು ಅದರ ಮೂಲಕ ಕರೆಂಟನ್ನು ಬಲವಂತವಾಗಿ ನೂಕುತ್ತದೆ. ಖಾಲಿ ಸೆಲ್ಲಿನ ಧನ ಋಣಗಳೇ ಅದಲು ಬದಲಾಗುತ್ತವೆ. ಆಮೇಲೆ ಅದು ಚೇತರಿಸಿಕೊಳ್ಳುವುದು ಕಷ್ಟ. ಆದ್ದರಿಂದ ಒಟ್ಟಿಗೆ ಕೊಂಡ, ಒಂದೇ ಕಂಪನಿಯ, ಒಂದೇ ಅಳತೆಯ ಸೆಲ್ಲುಗಳನ್ನು ಜೊತೆ ಮಾಡಿ, ಸಣ್ಣ ಚೀಟಿ ಅಂಟಿಸಿ ‘1-ಅ’, ‘1-ಆ’ ಎಂದು ಗುರುತು ಹಾಕಬೇಕು. ಕೊಂಡ ತಿಂಗಳು, ವರ್ಷವನ್ನೂ ಬರೆದರೆ ಉತ್ತಮ. ಒಟ್ಟಿಗೆ ದುಡಿದು ಒಟ್ಟಿಗೆ ಚಾರ್ಜಾಗಲಿ. ಗಣಿಯ ದೀಪಕ್ಕೆ ಸಂಖ್ಯೆ ಹಾಕುತ್ತಿದ್ದುದು ಸುಮ್ಮನೆ ಅಲ್ಲ.

ಪೂರ್ತಿ ಖಾಲಿಯಾಗದೆ ಚಾರ್ಜ್ ಮಾಡಬಾರದು ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಅದು ನಿಕ್ಕಲ್-ಕ್ಯಾಡ್ಮಿಯಂ ಕಾಲದ ಮಾತು. ದಿನವೂ ಕರಾರುವಾಕ್ಕಾಗಿ ಒಂದೇ ಮಟ್ಟದವರೆಗೆ ಬಳಸಿ ತುಂಬಿದರೆ ಆ ಸೆಲ್ಲುಗಳು ಆ ಮಟ್ಟವನ್ನೇ ‘ನೆನಪಿಟ್ಟುಕೊಳ್ಳುತ್ತಿದ್ದವು’. ಈಗಿನ ಸೆಲ್ಲುಗಳಲ್ಲಿ ಈ ಚಾಳಿ ಅತ್ಯಲ್ಪ. ಖಾಲಿಯಾಗಲೆಂದು ರಾತ್ರಿಯಿಡೀ ಮೈಕನ್ನು ಚಾಲೂ ಬಿಡುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ದಿಂಬಿನ ಕೆಳಗಿನ ಬೆಂಕಿ

ಕಾಲರಿಗೆ ಸಿಕ್ಕಿಸುವ ಚಿಕ್ಕ ಮೈಕುಗಳು ಈಗ ಮನೆ ಮನೆಗೂ ಬಂದಿವೆ. ಇವುಗಳ ಒಳಗಿರುವುದು ಮೊಬೈಲಿನಲ್ಲಿ ಇರುವಂಥದೇ ಲಿಥಿಯಂ-ಅಯಾನ್ ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಮೊದಲು ಮಾರುಕಟ್ಟೆಗೆ ತಂದದ್ದು ಇದನ್ನೇ. ಇದರ ಹಿಂದಿನ ಸಂಶೋಧನೆಗೆ 2019ರ ರಸಾಯನ ಶಾಸ್ತ್ರದ ನೊಬೆಲ್ ಸಂದಿತು. ಪಡೆದ ಮೂವರಲ್ಲಿ ಜಾನ್ ಗುಡೆನಫ್ ಅವರಿಗೆ ಆಗ 97 ವರ್ಷ. ವಿಟಿಂಗ್‌ಹ್ಯಾಮ್ ಮತ್ತು ಜಪಾನಿನ ಅಕಿರಾ ಯೊಶಿನೊ ಇನ್ನಿಬ್ಬರು.

ಲಿಥಿಯಂನ ಸ್ವಭಾವ ನಿಕ್ಕಲ್‌ನಂತಲ್ಲ. ಪೂರ್ತಿ ಖಾಲಿಯಾಗುವುದೂ ಇದಕ್ಕೆ ಹಿಡಿಸದು, ಪೂರ್ತಿ ತುಂಬಿಕೊಂಡು ತಿಂಗಳುಗಟ್ಟಲೆ ಸೆಕೆಯಲ್ಲಿ ಕೂರುವುದೂ ಹಿಡಿಸದು. ಬೇಸಿಗೆ ರಜೆಗೆ ಎತ್ತಿಡುವಾಗ ಅರ್ಧ ತುಂಬಿರಬೇಕು. ಎರಡು ಮೂರು ತಿಂಗಳಿಗೊಮ್ಮೆ ನೋಡಿ ಮತ್ತೆ ಅರ್ಧಕ್ಕೆ ತರಬೇಕು. ತಗಡಿನ ಛಾವಣಿಯ ಕೋಣೆ, ಬಿಸಿಲಿಗೆ ನಿಂತ ಕಾರಿನ ಮುಂಭಾಗ ಇವೆಲ್ಲ ವರ್ಜ್ಯ.

ಪಾಲಕರು ಗಟ್ಟಿಯಾಗಿ ಹೇಳಬೇಕಾದ ಮಾತು ಒಂದಿದೆ. ಒಂದು ಸೆಲ್ಲಿನ ವೋಲ್ಟೇಜು 4.2 ಮೀರಿದರೆ, ಅಥವಾ ಪೆಟ್ಟುಬಿದ್ದು ಒಳಗಿನ ತೆಳು ಪೊರೆ ಹರಿದರೆ ಲಿಥಿಯಂ ಬ್ಯಾಟರಿ ತನ್ನಿಂದ ತಾನೇ ಕಾದು ಹೊತ್ತಿಕೊಳ್ಳಬಹುದು. ಒಂದು ಭಾಗದ ಶಾಖ ಪಕ್ಕದ ಭಾಗವನ್ನು ಕೆರಳಿಸುತ್ತ ಹೋಗುವುದರಿಂದ ಆರಿಸುವುದು ಬಹಳ ಕಷ್ಟ. ಆದ್ದರಿಂದ ಹಾಸಿಗೆಯ ಮೇಲೆ, ದಿಂಬಿನ ಕೆಳಗೆ, ಪುಸ್ತಕದ ರಾಶಿಯ ನಡುವೆ ಚಾರ್ಜಿಗೆ ಇಡಬಾರದು. ಬರಿಯ ನೆಲ ಅಥವಾ ಕಲ್ಲಿನ ಚಪ್ಪಡಿ ವಾಸಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚಿ ಗಾಳಿ ತೆಗೆಯುವ ಸಾಹಸ ಖಂಡಿತ ಬೇಡ. ಬಳಸುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಹುಡುಗರ ಜಾಣ್ಮೆ ಮೆಚ್ಚತಕ್ಕದ್ದೇ ಆದರೂ ಅದಕ್ಕೊಂದು ಎಲ್ಲೆ ಇರಬೇಕಲ್ಲ.

ಹದಿನೆಂಟು ಸೆಲ್ಲಿನ ಲೆಕ್ಕ

ಇಷ್ಟೆಲ್ಲ ಉಪದ್ವ್ಯಾಪ ಯಾಕೆ, ಬಳಸಿ ಬಿಸಾಡುವ ಸೆಲ್ಲೇ ತಂದರಾಯಿತು ಎನ್ನುವವರಿಗಾಗಿ ಒಂದು ಲೆಕ್ಕ. ಬೆಳಗಿನ ಪ್ರಾರ್ಥನೆಗೆ ದಿನಕ್ಕೆ 20 ನಿಮಿಷ ಮೈಕು. ವರ್ಷಕ್ಕೆ 200 ದಿನ. ಒಟ್ಟು 4000 ನಿಮಿಷ, ಸುಮಾರು 67 ಗಂಟೆ. ಒಂದು ಜೊತೆ ಎಂಟು ಗಂಟೆ ಬಂದರೆ ವರ್ಷಕ್ಕೆ 9 ಜೊತೆ, ಅಂದರೆ 18 ಸೆಲ್ಲು. ಅದೂ ಒಂದೇ ಮೈಕಿಗೆ, ಪ್ರಾರ್ಥನೆಗೆ ಮಾತ್ರ. ಜಾಗ್ರತೆಯಾಗಿ ನೋಡಿಕೊಂಡ ಎರಡು ಜೊತೆ ಮರುಪೂರಣದ ಸೆಲ್ಲುಗಳು ಇದೇ ಕೆಲಸವನ್ನು ವರ್ಷಗಳ ಕಾಲ ಮಾಡುತ್ತವೆ: ಒಂದು ಜೊತೆ ಮೈಕಿನಲ್ಲಿ, ಇನ್ನೊಂದು ಚಾರ್ಜರಿನಲ್ಲಿ.

ಮೈಕನ್ನು ವಾರಗಟ್ಟಲೆ ಎತ್ತಿಡುವಾಗ ಸೆಲ್ಲು ಹೊರಗೆ ತೆಗೆಯುವುದನ್ನು ಮರೆಯಬಾರದು. ಒಳಗೇ ಬಿಟ್ಟ ಆಲ್ಕಲೈನ್ ಸೆಲ್ಲು ಸೋರಿ ಸ್ಪ್ರಿಂಗಿನ ಮೇಲೆ ಬಿಳಿಯ ಪುಡಿ ಕಟ್ಟುತ್ತದೆ. ಅದು ಕ್ಷಾರ, ಬರಿಗೈಯಲ್ಲಿ ಮುಟ್ಟದೆ, ಹತ್ತಿಗೆ ಒಂದೆರಡು ತೊಟ್ಟು ನಿಂಬೆರಸ ತಾಗಿಸಿ ಒರೆಸಿ, ಒಣಬಟ್ಟೆಯಿಂದ ತೇವ ತೆಗೆದರೆ ಬಹುಪಾಲು ಮೈಕುಗಳು ಬದುಕಿಕೊಳ್ಳುತ್ತವೆ.

ಸತ್ತ ಸೆಲ್ಲು ಎಲ್ಲಿಗೆ? ಈ ಪ್ರಶ್ನೆಗೆ ಕೆ.ಜಿ.ಎಫ್.ನಲ್ಲಿ ಬೇರೆಯೇ ಒಂದು ತೂಕವಿದೆ. ಊರ ನಡುವೆ ಗುಡ್ಡಗಳಂತೆ ನಿಂತಿರುವ ಸೈನೈಡ್ ದಿಬ್ಬಗಳನ್ನು ಅಲ್ಲಿನ ಮಕ್ಕಳು ಹುಟ್ಟಿನಿಂದ ಕಂಡವರು. ಅದಿರನ್ನು ಪುಡಿಮಾಡಿ ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದು, ಉಳಿದುದನ್ನು ನೂರಾರು ವರ್ಷದ ಮುಂದಾಲೋಚನೆಯಿಲ್ಲದೆ ಸುರಿದ ರಾಶಿ ಅದು. ಮೂರು ಕೋಟಿ ಟನ್ನಿಗೂ ಮಿಕ್ಕಿದೆ. ಗಾಳಿ ಎದ್ದರೆ ಅದರ ದೂಳು ಮನೆಯ ಅನ್ನದ ತಟ್ಟೆಗೂ ಬರುತ್ತದೆ. ಹಳೆಯ ನಿಕ್ಕಲ್-ಕ್ಯಾಡ್ಮಿಯಂ ಸೆಲ್ಲಿನ ಕ್ಯಾಡ್ಮಿಯಂ ಮೂತ್ರಪಿಂಡಕ್ಕೂ ಮೂಳೆಗೂ ವಿಷ. ತಿಪ್ಪೆಗೆ ಎಸೆದರೆ ಮಳೆನೀರಿನ ಜೊತೆ ಮಣ್ಣಿಗೆ ಇಳಿಯುತ್ತದೆ. ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಮನೆಯ ಕಸದಿಂದ ಬೇರೆಯಾಗಿ ಕೊಡುವುದು ಬಳಕೆದಾರರ ಕರ್ತವ್ಯ. ಹಿಂದಕ್ಕೆ ಪಡೆದು ಸಂಸ್ಕರಿಸುವ ಹೊಣೆ ತಯಾರಕರದು. ಶಾಲೆಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ ಇಟ್ಟು, ಸೆಲ್ಲುಗಳ ತುದಿಗೆ ಅಂಟುಪಟ್ಟಿ ಸುತ್ತಿ ಕೂಡಿಟ್ಟು, ಡಬ್ಬಿ ತುಂಬಿದಾಗ ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಬಹುದು. ದಿನವೂ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ಬರುವ ಪಾಲಕರು ಸಾವಿರಾರು ಮಂದಿ ಇದ್ದಾರೆ. ಅವರಲ್ಲೊಬ್ಬರ ಚೀಲದಲ್ಲಿ ವರ್ಷಕ್ಕೊಮ್ಮೆ ಆ ಡಬ್ಬಿಗೆ ಜಾಗ ಸಿಕ್ಕೀತು.

ಉಳಿದದ್ದು ಒಂದು ನೋಟ್‌ಬುಕ್ಕಿನ ಮಾತು. ಯಾವ ಜೊತೆ ಯಾವತ್ತು ಚಾರ್ಜಾಯಿತು, ಎಷ್ಟು ಹೊತ್ತು ಬಂತು ಎಂದು ಅದರಲ್ಲಿ ಬರೆಯಲು ಎಂಟನೇ ತರಗತಿಯ ಇಬ್ಬರು ಮಕ್ಕಳು ಸಾಕು. ಮುಂದಿನ ಜೂನ್‌ನಲ್ಲಿ ಅವರು ಆ ಪುಸ್ತಕವನ್ನೂ ಚಾರ್ಜರನ್ನೂ ಕೆಳಗಿನ ತರಗತಿಯವರಿಗೆ ಒಪ್ಪಿಸಿ ಹೋಗಬಹುದು.